ಮತಪತ್ರದ ಮೂಲೆಯಲ್ಲಿದ್ದ ಹೆಸರು

ಆತ್ಮೀಯ ಸದಸ್ಯರೇ,

ಇಲ್ಲಿ ಅಮೆರಿಕದಲ್ಲಿ ಪಕ್ಷಗಳ ಅಭ್ಯರ್ಥಿಗಳನ್ನು ಮತದಾರರು ಆರಿಸುವ ಪ್ರೈಮರಿ ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಬಳಗದಲ್ಲಿ ಒಂದೇ ಚರ್ಚೆ. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಪಕ್ಷದ ಹಿರಿಯರು ಮೆಚ್ಚಿದವರು ನಿಲ್ಲಬೇಕೋ, ಹೊರಗಿನಿಂದ ಬಂದ ಹೊಸಬರೋ? ಕಳೆದ ತಿಂಗಳ ಗೋಷ್ಠಿ ಮುಗಿದ ಮೇಲೂ ಕಾಫಿ ಲೋಟ ಹಿಡಿದು ಇದೇ ಮಾತು ನಡೆಯಿತು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಿನಲ್ಲಿ ನಾವು ಕಂಡ ಪದ್ಧತಿ ಬೇರೆ. ಅಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಬಿ ಫಾರಂ ಕೈಗೆ ಬಂದವರು ಅಭ್ಯರ್ಥಿ, ಬಾರದೆಯೂ ನಿಂತವರು ಬಂಡಾಯಗಾರರು. ಇಲ್ಲಿ ಆರಿಸುವವರು ಮತದಾರರೇ ಎಂದು ನಾನು ನಂಬಿದ್ದೆ. ಆದರೆ ನಮ್ಮ ನ್ಯೂಜೆರ್ಸಿ ರಾಜ್ಯದ 21 ಕೌಂಟಿಗಳ (ಅಂದರೆ ಜಿಲ್ಲೆಗಳ) ಪೈಕಿ 19ರಲ್ಲಿ, ಕೌಂಟಿಯ ಪಕ್ಷ ಒಪ್ಪಿದವರ ಹೆಸರುಗಳೆಲ್ಲ ಮತಪತ್ರದ ಒಂದೇ ಸಾಲಿನಲ್ಲಿ ಅಚ್ಚಾಗುತ್ತಿದ್ದವು. ಒಪ್ಪಿಗೆ ಸಿಗದವರ ಹೆಸರು ದೂರದ ಯಾವುದೋ ಮೂಲೆಯಲ್ಲಿ. ಇದಕ್ಕೆ ‘ಕೌಂಟಿ ಲೈನ್’ ಎಂದೇ ಹೆಸರು. ಪೌರತ್ವ ಬಂದ ಮೇಲಿನ ಮೊದಲ ಪ್ರೈಮರಿಯಲ್ಲಿ ನಾನು ಮೆಚ್ಚಿದ ಅಭ್ಯರ್ಥಿಯ ಹೆಸರು ಕಾಣಲಿಲ್ಲ. ಕಣದಿಂದ ಹಿಂದೆ ಸರಿದಿರಬೇಕೆಂದುಕೊಂಡು ಬೇರೆಯವರಿಗೆ ಮತ ಹಾಕಿ ಬಂದೆ. ಆ ಸಂಕಟ ಇನ್ನೂ ಹೋಗಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಆಗಿನ ಡೆಮಾಕ್ರಟಿಕ್ ಸೆನೆಟರ್ ಬಾಬ್ ಮೆನೆಂಡೆಜ್ ಮೇಲೆ ಲಂಚದ ದೋಷಾರೋಪ ಬಂದ ಮರುದಿನವೇ, ಆ ಸ್ಥಾನಕ್ಕಾಗಿ ಅದೇ ಪಕ್ಷದ ಆಂಡಿ ಕಿಮ್ ಕಣಕ್ಕಿಳಿದರು. ನವೆಂಬರ್‌ನಲ್ಲಿ ಆಗಿನ ಗವರ್ನರ್ ಫಿಲ್ ಮರ್ಫಿಯವರ ಪತ್ನಿ ಟ್ಯಾಮಿ ಮರ್ಫಿ ಬಂದರು. ದೊಡ್ಡ ಕೌಂಟಿಗಳ ಡೆಮಾಕ್ರಟಿಕ್ ಮುಖ್ಯಸ್ಥರು ಅವರ ಬೆನ್ನಿಗೆ ನಿಂತರು. ಎಲ್ಲರೂ ಕಿಮ್ ಅವರನ್ನು ಹೊರಗಿನವರೆಂದು ಕರೆದರು. ಆದರೆ ಮೂರು ಸಲ ಸಂಸತ್ತಿನ ಕೆಳಮನೆಗೆ ಗೆದ್ದಿದ್ದವರು ಅವರೇ. ಒಳಗಿನವರೆನಿಸಿಕೊಂಡ ಟ್ಯಾಮಿ ಮರ್ಫಿ ಅದುವರೆಗೆ ಯಾವ ಚುನಾಯಿತ ಹುದ್ದೆಯನ್ನೂ ವಹಿಸಿರಲಿಲ್ಲ. ಒಳಗಿನವರು, ಹೊರಗಿನವರು ಎಂಬ ಮಾತು ಅನುಭವವನ್ನು ಅಳೆಯುವುದಿಲ್ಲ, ಯಾರ ಕೃಪೆ ಯಾರ ಮೇಲಿದೆ ಎಂಬುದನ್ನಷ್ಟೇ ಹೇಳುತ್ತದೆ ಎಂದು ನನಗೆ ಆಗ ಅರ್ಥವಾಯಿತು.

2024ರ ಫೆಬ್ರವರಿಯಲ್ಲಿ ಮನ್ಮತ್ ಕೌಂಟಿಯ ಪಕ್ಷದ ಪ್ರತಿನಿಧಿಗಳು ಗುಪ್ತ ಮತದಾನ ಮಾಡಿದಾಗ, ಮರ್ಫಿ ದಂಪತಿಯ ಸ್ವಂತ ನೆಲದಲ್ಲೇ ಕಿಮ್ ಗೆದ್ದರು. ಅದೇ ತಿಂಗಳ ಕೊನೆಯಲ್ಲಿ ಕೌಂಟಿ ಲೈನ್ ವಿರುದ್ಧ ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮಾರ್ಚ್ 24ರಂದು ಟ್ಯಾಮಿ ಮರ್ಫಿ ಹಿಂದೆ ಸರಿದರು. ಇನ್ನು ಆ ಸಾಲು ಕಿಮ್ ಅವರದೇ ಆಗುವ ಸಂಭವವಿತ್ತು. ಮೊಕದ್ದಮೆ ಕೈಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಬಿಡಲಿಲ್ಲ. ಅವರ ಬಗ್ಗೆ ನನ್ನ ಗೌರವ ಹುಟ್ಟಿದ್ದು ಗೆಲುವಿನಿಂದಲ್ಲ, ಈ ಹಟದಿಂದ. ಐದು ದಿನಗಳ ನಂತರ ನ್ಯಾಯಾಧೀಶ ಜಾಹಿದ್ ಖುರೈಶಿ ಕೌಂಟಿ ಲೈನ್‌ಗೆ ತಡೆಯಾಜ್ಞೆ ಕೊಟ್ಟರು. ಜೂನ್‌ನ ಡೆಮಾಕ್ರಟಿಕ್ ಮತಪತ್ರದಲ್ಲಿ ಹುದ್ದೆಗೊಂದು ಚೌಕ, ಸ್ಪರ್ಧಿಗಳೆಲ್ಲ ಅದರೊಳಗೆ.

ಹಾಗೆಂದು ಹೊಸಬರೆಂಬ ಒಂದೇ ಕಾರಣಕ್ಕೆ ಮತ ಹಾಕುವುದನ್ನು ನಾನು ಒಪ್ಪುವುದಿಲ್ಲ. 2010ರ ಸೆನೆಟ್ ಪ್ರೈಮರಿಯಲ್ಲಿ ಪಕ್ಕದ ಡೆಲವೇರ್ ರಾಜ್ಯದ ರಿಪಬ್ಲಿಕನ್ನರು, ಹಿಂದೆ ಗವರ್ನರ್ ಆಗಿದ್ದು ಒಂಬತ್ತು ಸಲ ಸಂಸತ್ತಿಗೆ ಗೆದ್ದಿದ್ದ ಮೈಕ್ ಕ್ಯಾಸಲ್ ಅವರನ್ನು ಬಿಟ್ಟು ಕ್ರಿಸ್ಟೀನ್ ಓಡಾನಲ್ ಅವರನ್ನು ಆರಿಸಿದರು. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ರಿಸ್ ಕೂನ್ಸ್ ನಿರಾಯಾಸವಾಗಿ ಗೆದ್ದರು. ಓಡಾನಲ್ ನವೆಂಬರ್‌ನಲ್ಲಿ ಗೆಲ್ಲಲಾರರು ಎಂದು ಅಲ್ಲಿನ ಪಕ್ಷದ ಹಿರಿಯರು ಮೊದಲೇ ಎಚ್ಚರಿಸಿದ್ದರು. ಅವರ ಲೆಕ್ಕ ಸರಿಯಾಗಿತ್ತು. ಹಿರಿಯರು ಸಲಹೆ ಕೊಡಲಿ, ವೇದಿಕೆ ಹತ್ತಿ ಕೊಡಲಿ. ಮತಪತ್ರದ ಅಚ್ಚಿನಲ್ಲಿ ಅಡಗಿಸಿ ಕೊಡುವುದು ಬೇಡ.

ನಮ್ಮ ಸಂಘ ಯಾವ ಅಭ್ಯರ್ಥಿಯ ಪರವೂ ನಿಲ್ಲುವಂತಿಲ್ಲ, ನಿಲ್ಲುವುದೂ ಇಲ್ಲ. ಆದರೆ ನೆನಪಿರಲಿ: ಯಾವ ಪಕ್ಷಕ್ಕೂ ನೋಂದಾಯಿಸದವರು ಪ್ರೈಮರಿ ದಿನ ಮತಗಟ್ಟೆಯಲ್ಲೇ ಪಕ್ಷ ಆರಿಸಿಕೊಳ್ಳಬಹುದು. ಒಂದು ಪಕ್ಷದಲ್ಲಿದ್ದವರು ಇನ್ನೊಂದಕ್ಕೆ ಹೋಗಬೇಕಾದರೆ 55 ದಿನ ಮೊದಲೇ ಅರ್ಜಿ ಕೊಡಬೇಕು. ಮನೆಗೆ ಬರುವ ಮಾದರಿ ಮತಪತ್ರವನ್ನು ದಯವಿಟ್ಟು ಎಸೆಯಬೇಡಿ. ಮುಂದಿನ ಸಭೆಗೆ ನಾನು ನನ್ನದನ್ನು ತರುತ್ತೇನೆ, ನೀವು ನಿಮ್ಮದನ್ನು ತನ್ನಿ. ಕೂತು ಒಟ್ಟಿಗೆ ಓದೋಣ.

— ಸಂಪಾದಕ