ಊರಿಗೆ ಹೇಳುವ ಕೆಲಸ ನನ್ನದು

ಸಪ್ತಾಪುರ, ಧಾರವಾಡ
ಭಾನುವಾರ ರಾತ್ರಿ

ನನ್ನ ಬಂಗಾರ,

ಫೋನ್ ಬಂದ್ ಮಾಡಿ ಕಪಾಟಿನಲ್ಲಿ ಇಟ್ಟಿದ್ದೀಯಂತೆ. ನಮ್ಮವ್ವ, ನಿನ್ನ ಆಯಿ, ಹೇಳಿದಳು. ಇರಲಿ ಬಿಡು. ಅದಕ್ಕೇ ಕಾಗದ ಬರೆಯಲು ಕುಳಿತೆ. ನಾಳೆ ಬೆಳಿಗ್ಗೆ ನಿನ್ನ ಮಾಮಾ ಸವಣೂರಿಗೆ ಹೊರಟಿದ್ದಾನೆ. ಬುತ್ತಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕಳಿಸುತ್ತೇನೆ. ಬಂದ ಕೂಡಲೇ ಓದಬೇಕು ಅಂತೇನಿಲ್ಲ. ಮೊದಲು ಉಣ್ಣು. ಎಣ್ಣೆಗಾಯಿ ಇವತ್ತು ಸಂಜೆ ಮಾಡಿದ್ದು, ನಾಳೆ ಮಧ್ಯಾಹ್ನಕ್ಕೇ ಮುಗಿಸಿಬಿಡಿ.

ಭಾನುವಾರ ರಾತ್ರಿ ಖಾನಾವಳಿಗೆ ರಜೆ ಅಲ್ವಾ, ಮನೆಯಲ್ಲಿ ಸದ್ದೇ ಇಲ್ಲ. ನಿಮ್ಮಪ್ಪ ಮಲಗಿದ್ದಾರೆ. ಹೊರಗೆ ಬೆಳಗಿನಿಂದ ಜಿಟಿಜಿಟಿ ಮಳೆ. ನಿನ್ನ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ. ಗೋಡೆಗೆ ನಾನು ಅಂಟಿಸಿದ್ದ ಆ ಕಟ್ಟಡದ ಚಿತ್ರವನ್ನು ಹೋಗುವ ಮುಂಚೆ ನೀನು ಕಿತ್ತಿದ್ದೀಯ. ಟೇಪಿನ ನಾಲ್ಕು ತುಂಡು ಹಾಗೇ ಉಳಿದಿವೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ನೀನು ಪರೀಕ್ಷೆ ಬರೆಯುವ ಮುಂಚೆಯೇ ನಾನು ಊರಿಗೆಲ್ಲಾ ಹೇಳಿಕೊಂಡು ತಿರುಗಿದೆ. ಹಾಲಿನವನಿಗೆ, ಗಿರಣಿಯವನಿಗೆ, ಎದುರು ಮನೆಯವರಿಗೆ, ಗದಗಿನ ದೊಡ್ಡಪ್ಪನಿಗೆ. ತಿಂಗಳ ಊಟಕ್ಕೆ ಹೊಸದಾಗಿ ಹೆಸರು ಹಚ್ಚಲು ಬಂದ ಹುಡುಗರಿಗೂ ಬಿಡಲಿಲ್ಲ. "ನನ್ನ ಮಗಳು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋಗ್ತಾಳ್ರಿ" ಅಂತ. ಐಐಎಸ್‌ಸಿ ಅಂದರೆ, ಭಾರತೀಯ ವಿಜ್ಞಾನ ಸಂಸ್ಥೆ ಅಂದರೆ, ಎಷ್ಟೋ ಜನಕ್ಕೆ ತಿಳಿಯುವುದಿಲ್ಲ, ಟಾಟಾ ಅಂದರೆ ತಲೆ ಎತ್ತಿ ನೋಡುತ್ತಾರೆ. ಆ ನೋಟ ನನಗೆ ಸಿಹಿಯಾಗಿತ್ತು. "ಅವ್ವಾ, ಯಾರಿಗೂ ಹೇಳಬ್ಯಾಡ" ಅಂತ ನೀನು ಎರಡು ಸಲ ಹೇಳಿದೆ. ನಾಚಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ನಿನಗೆ ಹೆದರಿಕೆಯಾಗಿತ್ತು ಅಂತ ಈಗ ತಿಳಿಯುತ್ತಿದೆ.

ಸೀಟಿನ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಅಂತ ತಿಳಿದ ದಿನ ನೀನು ಅಳಲಿಲ್ಲ. ಸುಮ್ನೆ ಕುಳಿತೆ. ಆಮೇಲೆ ನಿನ್ನ ಬಾಯಿಂದ ಬಂದ ಮೊದಲ ಮಾತು, "ಈಗ ಎಲ್ಲರಿಗೂ ಏನಂತ ಹೇಳೋದವ್ವ?" ವಾರದ ಮೇಲಾಯಿತು. ರೊಟ್ಟಿ ಬಡಿಯುವಾಗಲೂ ಅದೇ ಮಾತು ಕಿವಿಯಲ್ಲಿ. ನಿನ್ನ ದುಃಖವನ್ನು ನೀನು ಸರಿಯಾಗಿ ಅಳುವುದಕ್ಕೂ ಆಗಲಿಲ್ಲ. ಅದರ ಮೇಲೆ ಬೇರೆಯವರ ಬಾಯಿಯ ಚಿಂತೆ ಬಂದು ಕುಳಿತಿತ್ತು. ಅದನ್ನು ತಂದು ಅಲ್ಲಿ ಕೂರಿಸಿದವಳು ನಾನು.

ಅದಕ್ಕೇ ಈ ವಾರ ನಾನೇ ಎಲ್ಲರಿಗೂ ಹೇಳಿ ಬಂದೆ. ಸೋಮವಾರ ಹಾಲಿನವನಿಂದ ಶುರು. "ಸೀಟು ಸಿಗಲಿಲ್ಲಪ್ಪ" ಅಂದೆ. ಅವನು "ಹೌದಾ, ಪಾಪ" ಅಂದ, ಇವತ್ತು ಎಷ್ಟು ಲೀಟರ್ ಹಾಕಲಿ ಅಂತ ಕೇಳಿದ. ಗಿರಣಿಯವನು ಜೋಳದ ಚೀಲ ಇಳಿಸುತ್ತಾ ಕೇಳಿಸಿಕೊಂಡ, ಸಣ್ಣಗೆ ಬೀಸಲೋ ಹೇಗೆ ಅಂದ. ಎದುರು ಮನೆಯವರು ನಿನಗಂತ ಒಂದು ಬಟ್ಟಲು ಸಜ್ಜಕ ತಂದುಕೊಟ್ಟರು. ಗದಗಿನ ದೊಡ್ಡಪ್ಪ ಮಾತ್ರ ಫೋನಿನಲ್ಲಿ ಅರ್ಧ ಗಂಟೆ ಬುದ್ಧಿ ಹೇಳಿದರು. ಆ ಕೋಚಿಂಗಿಗೆ ಹಾಕಬೇಕಿತ್ತು, ಈ ಕೋಚಿಂಗಿಗೆ ಹಾಕಬೇಕಿತ್ತು ಅಂತ. ಎಲ್ಲಾ ಕೇಳಿಸಿಕೊಂಡಿದ್ದೇನೆ. ಅದು ನಿನ್ನ ತನಕ ಬರುವುದಿಲ್ಲ. ಈಗ ನೀನು ಹೇಳಬೇಕಾದವರು ಯಾರೂ ಉಳಿದಿಲ್ಲ. ಹೊಸಬರು ಯಾರಾದರೂ ಕೇಳಿದರೆ "ನಮ್ಮವ್ವನ್ನ ಕೇಳ್ರಿ" ಅಂದು ಒಳಗೆ ಹೋಗಿಬಿಡು.

ಇನ್ನೊಂದು ತಪ್ಪೂ ಇದೆ. ನೀನು ನಾಲ್ಕು ವರ್ಷದವಳಿದ್ದಾಗ ನಾವು ಈ ಖಾನಾವಳಿ ಹಾಕಿದ್ದು. ಸಪ್ತಾಪುರದಲ್ಲಿ ಯಾವ ಓಣಿಗೆ ಹೋದರೂ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಮಕ್ಕಳೇ. ಕೆಎಎಸ್, ಪಿಎಸ್‌ಐ, ಎಫ್‌ಡಿಎ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಬಂದವರು. ರಿಸಲ್ಟ್ ಬಂದ ದಿನ ನಮ್ಮಲ್ಲಿ ರೊಟ್ಟಿ ಉಳಿಯುತ್ತವೆ. ಊಟಕ್ಕೆ ಬಾರದವರ ಡಬ್ಬಿ ಕಟ್ಟುತ್ತಿದ್ದೆ. ಅದನ್ನು ಅವರ ರೂಮಿನ ಬಾಗಿಲಲ್ಲಿ ಇಟ್ಟು ಬರುವುದು ನಿನ್ನ ಕೆಲಸ. "ಬಾಗಿಲು ಬಡಿ, ಇಟ್ಟು ಬಾ, ಏನೂ ಕೇಳಬ್ಯಾಡ" ಅಂತ ಹೇಳಿ ಕಳಿಸುತ್ತಿದ್ದೆ. ನೆನಪಿದೆಯಾ? ಮೊನ್ನೆ ನಿನ್ನ ಬಾಗಿಲ ಮುಂದೆ ನಿಂತು ನಾನು ಎಷ್ಟು ಪ್ರಶ್ನೆ ಕೇಳಿದೆ! ಎಲ್ಲಿ ತಪ್ಪಿತು, ಎಷ್ಟು ಅಂಕ ಕಡಿಮೆಯಾಯಿತು, ಮುಂದೇನು. ಬೇರೆಯವರ ಮಕ್ಕಳಿಗೆ ಮಾಡಿದ್ದನ್ನು ನನ್ನ ಮಗಳಿಗೆ ಮಾಡಲು ತೋಚಲಿಲ್ಲ. ನೀನು ಸವಣೂರಿನ ಬಸ್ಸು ಹತ್ತಿದ್ದು ಸರಿಯಾಗಿಯೇ ಇತ್ತು.

ಮುದ್ದೇಬಿಹಾಳದ ಅಣ್ಣ ಗೊತ್ತಲ್ಲ, ನಿನಗೆ ಗಣಿತ ಹೇಳಿಕೊಡುತ್ತಿದ್ದವನು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ಆಯಿತು. ಆಯ್ಕೆ ಪಟ್ಟಿಯಲ್ಲಿ ಅವನ ಹೆಸರಿತ್ತು. ಊರಲ್ಲಿ ಬ್ಯಾನರ್ ಕಟ್ಟಿದ್ದರು, ನಮಗೆಲ್ಲ ಪೇಢೆ ಹಂಚಿದ್ದ. ಪರೀಕ್ಷೆಯಲ್ಲಿ ಅಕ್ರಮ ನಡೆದಿದೆ ಅಂತ 2022ರ ಏಪ್ರಿಲ್‌ನಲ್ಲಿ ಇಡೀ ನೇಮಕಾತಿಯೇ ರದ್ದಾಯಿತು. ಕದ್ದವರ ಜೊತೆ ಕಷ್ಟಪಟ್ಟವರದ್ದೂ ಹೋಯಿತು. ಎರಡು ದಿನ ಅವನು ಕೆಳಗೆ ಇಳಿಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಐದಕ್ಕೆ ಬಂದು ಅಡುಗೆಮನೆಯಲ್ಲಿ ನನ್ನ ಪಕ್ಕ ಕುಳಿತ. ಬೆಳ್ಳುಳ್ಳಿ ಬುಟ್ಟಿ ಎಳೆದುಕೊಂಡು ಸುಲಿಯಲು ಶುರು ಮಾಡಿದ. ನಾನೂ ಮಾತಾಡಲಿಲ್ಲ. ಎಂಟು ದಿನ ಹಾಗೇ ಬಂದ. ಜೋಳ ಹಸನು ಮಾಡಿದ, ಶೇಂಗಾ ಹುರಿದ. ಒಂಬತ್ತನೇ ದಿನ ಕೈಯಲ್ಲಿ ಪುಸ್ತಕ ಇತ್ತು. 2024ರ ಜನವರಿಯಲ್ಲಿ ಮರುಪರೀಕ್ಷೆ ಆಯಿತು. ಅದರಲ್ಲಿ ಅವನಿಗೆ ಸಿಗಲಿಲ್ಲ.

ಈಗ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರದಲ್ಲಿದ್ದಾನೆ. ಹೋದ ತಿಂಗಳು ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಇಬ್ಬರೂ ಉಂಡರು, ಝುಣಕ ಎರಡು ಸಲ ಹಾಕಿಸಿಕೊಂಡ. ಪಿಎಸ್‌ಐ ಮಾತು ಬಂದಾಗ ಮುಖ ಸ್ವಲ್ಪ ಸಣ್ಣದಾಯಿತು. ಮತ್ತೆ ಮೆಕ್ಕೆಜೋಳದ ಬೀಜದ ರೇಟಿನ ಮಾತಿಗೆ ಬಂದ. ಅವನ ನೋವು ಪೂರ್ತಿ ಹೋಗಿದೆ ಅಂತ ನನಗೆ ಅನಿಸಲಿಲ್ಲ. ಆದರೆ ಅವನ ದಿನಗಳು ಅದರಿಂದ ತುಂಬಿಲ್ಲ. ಇದನ್ನು ಯಾಕೆ ಬರೆದೆ ಅಂದರೆ, ಫೇಲಾಗಿ ಆಮೇಲೆ ಬಹಳ ದೊಡ್ಡವರಾದವರ ಕಥೆಗಳನ್ನೇ ಎಲ್ಲರೂ ನಿನಗೆ ಕಳಿಸುತ್ತಾರೆ. ದೊಡ್ಡವರಾಗಲೇಬೇಕು ಅನ್ನುವ ಇನ್ನೊಂದು ಹೊರೆ ಅದು. ನಾನು ಊಟ ಬಡಿಸಿದ ಮಕ್ಕಳಲ್ಲಿ ಜಾಸ್ತಿ ಜನ ಪೇಪರಿನಲ್ಲಿ ಬರಲಿಲ್ಲ. ಅವರನ್ನೂ ನಾನು ಹತ್ತಿರದಿಂದ ಕಂಡಿದ್ದೇನೆ.

ನೀನೇ ಒಮ್ಮೆ ವಿಜ್ಞಾನಿ ಕಮಲಾ ಸೊಹೊನಿ ಅವರ ಕಥೆ ಹೇಳಿದ್ದೆ. 1933ರಲ್ಲಿ ಬಿಎಸ್ಸಿ ಮುಗಿಸಿ ಇದೇ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಅನ್ನುವ ಕಾರಣಕ್ಕೆ ಅಲ್ಲಿನ ನಿರ್ದೇಶಕ ಸಿ.ವಿ. ರಾಮನ್ ಬೇಡ ಅಂದರು. ಕಮಲಾ ಜಗ್ಗಲಿಲ್ಲ, ಷರತ್ತಿನ ಮೇಲೆ ಒಳಗೆ ಹೋದರು, ಹಾಲು ಮತ್ತು ಬೇಳೆಕಾಳಿನ ಪ್ರೋಟೀನ್ ಬಗ್ಗೆ ಕೆಲಸ ಮಾಡಿದರು, 1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಪಡೆದರು. ಬೇಳೆಕಾಳಿನ ಮೇಲೂ ಸಂಶೋಧನೆ ಮಾಡಬಹುದಾ ಅಂತ ಆಗ ನಾನು ಬೆರಗಾಗಿದ್ದೆ. ಅವರಿಗೆ ಆದದ್ದು ಅನ್ಯಾಯ. ನಿನಗೆ ಆದದ್ದನ್ನು ನಾನು ಅನ್ಯಾಯ ಅನ್ನುವುದಿಲ್ಲ. ಸೀಟು ಕಡಿಮೆ, ಬರೆದವರು ಬಹಳ. ನೀನು ಬರೆದ ಐಎಟಿ ಅನ್ನುವ ಪ್ರವೇಶ ಪರೀಕ್ಷೆ ಮೂರು ಗಂಟೆಯದ್ದು. ನಾಲ್ಕು ವಿಷಯ, ತಲಾ 15 ಪ್ರಶ್ನೆ, ಒಟ್ಟು 60. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಹೋಗುತ್ತದೆ. ಆ ಮೂರು ಗಂಟೆಯಲ್ಲಿ ನಿನಗಿಂತ ಚೆನ್ನಾಗಿ ಬರೆದವರು ಇದ್ದರು. ಇದು ನಿಜ, ಇದನ್ನು ಮುಚ್ಚಿಡುವುದು ಬೇಡ. ಆದರೆ ಆ 60 ಪ್ರಶ್ನೆಯಲ್ಲಿ ಜೋಳದ ಹಿಟ್ಟಿನ ಪ್ರಶ್ನೆ ಇರಲಿಲ್ಲ ಅಲ್ವಾ?

ಏಳನೇ ಕ್ಲಾಸಿನಲ್ಲಿದ್ದೆ ನೀನು. ಚಪಾತಿಗೆ ತಣ್ಣೀರು ಸಾಕು, ರೊಟ್ಟಿಗೆ ಮಾತ್ರ ಕುದಿಯುವ ಎಸರು ಯಾಕೆ ಅಂತ ಕೇಳಿದೆ. ನಮ್ಮವ್ವ ಹಾಗೇ ಮಾಡುತ್ತಿದ್ದಳು, ನಾನೂ ಮಾಡುತ್ತೇನೆ ಅಂದೆ. ನಿನಗೆ ಸಾಲಲಿಲ್ಲ. ತಣ್ಣೀರು, ಉಗುರು ಬೆಚ್ಚಗಿನ ನೀರು, ಬಿಸಿನೀರು, ಕುದಿಯುವ ಎಸರು, ನಾಲ್ಕರಲ್ಲೂ ಒಂದೊಂದು ಉಂಡೆ ಕಲಸಿದೆ. ನಾನು ಬಡಿದೆ. ಯಾವ ರೊಟ್ಟಿ ಎಷ್ಟು ಒಡೆಯಿತು ಅಂತ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದೆ. ಮುಂದೆ ಪಿಯುಸಿಯಲ್ಲಿದ್ದಾಗ ಒಂದು ಸಂಜೆ ಓಡಿ ಬಂದು ಹೇಳಿದೆ. ಗೋಧಿಯಲ್ಲಿ ಗ್ಲುಟೆನ್ ಇರುತ್ತದೆ, ನೀರು ಬಿದ್ದರೆ ಅದೇ ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಬಿಸಿ ಎಸರಿಗೆ ಜೋಳದ ಪಿಷ್ಟ ಉಬ್ಬಿ ಅಂಟಾಗುತ್ತದೆ, ನೀನು ಜಿಗಿ ಅನ್ನೋದು ಅದನ್ನೇ ಅವ್ವಾ, ಅಂತ. ಇಷ್ಟು ವರ್ಷ ರೊಟ್ಟಿ ಬಡಿದ ನನಗೆ ನನ್ನ ಕೈಯ ಕೆಲಸ ತಿಳಿದದ್ದು ಅವತ್ತು.

ಬೆಂಗಳೂರಿಗೆ ಆ ಸಂಸ್ಥೆಯ ಓಪನ್ ಡೇ ನೋಡಲು ಹೋದಾಗಲೂ ಅಷ್ಟೇ. ಅಲ್ಲಿ ಯಾರೋ ಸಂಶೋಧನೆಯ ಹುಡುಗಿಯ ಜೊತೆ ನೀನು ನಿಂತೇ ಮಾತಾಡಿದೆ, ಬಹಳ ಹೊತ್ತು. ನಾನು ಟಾಟಾ ಅವರ ಮೂರ್ತಿಯ ಹತ್ತಿರ ಆ ಕಟ್ಟಡವನ್ನೇ ನೋಡುತ್ತಾ ಇದ್ದೆ. ನನ್ನ ಮಗಳು ಇಲ್ಲೇ ಓದಬೇಕು ಅಂತ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ರಾತ್ರಿ ರಾಣಿ ಚೆನ್ನಮ್ಮ ರೈಲಿನಲ್ಲಿ ನೀನು ಪಿಷ್ಟದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕಟ್ಟಡದ ಬಗ್ಗೆ ಒಂದು ಮಾತೂ ಇರಲಿಲ್ಲ. ನಾನು ಮನೆಗೆ ಬಂದು ಕಟ್ಟಡದ ಚಿತ್ರ ಅಂಟಿಸಿದೆ.

ನಮ್ಮಲ್ಲಿ ಉಣ್ಣಲು ಬರುವ ಲೆಕ್ಚರರ್ ಒಬ್ಬರನ್ನು ಕೇಳಿ ಇಷ್ಟು ತಿಳಿದುಕೊಂಡಿದ್ದೇನೆ. ಬಿಎಸ್ಸಿ ಮಾಡಿ ಜಾಮ್ ಅನ್ನುವ ಪರೀಕ್ಷೆ ಬರೆದರೆ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಡಿಗ್ರಿ ಓದುವಾಗಲೇ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಸಿಕ್ಕರೆ ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ. ನಮ್ಮ ಕರ್ನಾಟಕ ಕಾಲೇಜು ಇಲ್ಲೇ ನಡೆದು ಹೋಗುವಷ್ಟು ದೂರ, 1917ರಿಂದ ಇದೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಜೋಳದ ಮೇಲೇ ಸಂಶೋಧನೆ ನಡೆಯುತ್ತದೆ. ಇನ್ನೊಂದು ವರ್ಷ ಕುಳಿತು ಅದೇ ಪರೀಕ್ಷೆ ಬರೆಯುವ ವಿಚಾರ ಇದ್ದರೆ ನಾನು ಅಡ್ಡ ಬರುವುದಿಲ್ಲ. ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಒಂದೇ ಪರೀಕ್ಷೆಗೆ ವರ್ಷಗಟ್ಟಲೆ ಕೊಟ್ಟ ಮಕ್ಕಳನ್ನು ಈ ಓಣಿಯಲ್ಲಿ ಬಹಳ ನೋಡಿದ್ದೇನೆ. ಅಷ್ಟರಲ್ಲಿ ಬೇರೆ ಏನನ್ನೂ ನೋಡುವುದನ್ನೇ ಅವರು ಮರೆತಿರುತ್ತಾರೆ. ತೀರ್ಮಾನ ನಿನ್ನದು. ಅದೂ ಈ ವಾರವೇ ಬೇಡ.

ಆಯಿ ಹತ್ತಿರ ಇನ್ನೂ ಇರಬೇಕು ಅನಿಸಿದರೆ ಇರು. ಪಂಚಮಿಗೆ ನಾನೇ ಸವಣೂರಿಗೆ ಬರುತ್ತೇನೆ, ಉಂಡಿ ಕಟ್ಟೋಣ, ಜೋಕಾಲಿ ಹಾಕಿಸೋಣ. ಅಳು ಬಂದರೆ ಆಯಿ ಮುಂದೆಯೇ ಅಳು, ಅವಳು ಏನೂ ಕೇಳುವುದಿಲ್ಲ. ನಾನು ಕಲಿತದ್ದು ಅವಳಿಂದಲೇ.

ಅಂದಹಾಗೆ, ಗುರುವಾರ ಬೀಸಿಕೊಂಡು ಬಂದ ಹಿಟ್ಟು ಸರಿ ಬರುತ್ತಿಲ್ಲ. ಎಸರು ಎಷ್ಟೇ ಕುದಿಸಿದರೂ ರೊಟ್ಟಿ ಅಂಚಿನಲ್ಲಿ ಒಡೆಯುತ್ತಿದೆ. ಬೇರೆ ಅಂಗಡಿಯ ಜೋಳ ಅದು. ಹಳೆಯ ಜೋಳದ ಹಿಟ್ಟು ಸ್ವಲ್ಪ, ಇದು ಸ್ವಲ್ಪ, ಎರಡು ಡಬ್ಬಿಯಲ್ಲಿ ತೆಗೆದು ನಿನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ನೀನು ಬಂದಾಗ ನೋಡು.

ನಿನ್ನ
ಅವ್ವ