ಇಕಿಟೋಸ್‌ಗೆ ಹೊರಡುವ ಮುನ್ನ ನೀರಿನ ಮಟ್ಟ ನೋಡಿ

ಮಾನ್ಯ ಸಂಪಾದಕರೇ,

ಪೆರು ದೇಶದಲ್ಲಿ ಅಮೆಜಾನ್ ನದಿಯ ಬಳಿ ಇರುವ ಇಕಿಟೋಸ್ ಊರಿನ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಆಸೆ ಹುಟ್ಟಿಸುವಂತಿತ್ತು. ಹೊರಜಗತ್ತಿನಿಂದ ಅಲ್ಲಿಗೆ ರಸ್ತೆಯಿಲ್ಲ ಎಂಬುದೂ ನಿಜ. ಇರುವ ಒಂದೇ ಹೆದ್ದಾರಿ ಸುಮಾರು ನೂರು ಕಿ.ಮೀ. ಆಚೆಯ ನೌಟಾ ಎಂಬ ಊರಿನಲ್ಲಿ ಮುಗಿಯುತ್ತದೆ. ಆದರೆ ಯಾವ ತಿಂಗಳಲ್ಲಾದರೂ ಆರಾಮವಾಗಿ ದೋಣಿಯಲ್ಲಿ ಹೋಗಬಹುದು ಎಂದಿರುವುದನ್ನು ನಂಬಿ ಹೊರಟವರು ಪೇಚಿಗೆ ಸಿಲುಕುತ್ತಾರೆ.

ನದಿಯ ಹಾದಿಯಲ್ಲಿ ಅಟ್ಲಾಂಟಿಕ್ ಸಮುದ್ರ ಅಲ್ಲಿಂದ ಸುಮಾರು 3,600 ಕಿ.ಮೀ. ದೂರ, ಊರು ಇರುವುದು ಬರೀ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಂದರೆ ಕಿಲೋಮೀಟರಿಗೆ ಸರಾಸರಿ ಮೂರು ಸೆಂ.ಮೀ. ಇಳಿಜಾರು. ತಳದಲ್ಲಿ ಬಂಡೆಯಿಲ್ಲ, ಮೆಕ್ಕಲು ಮಣ್ಣು. ಹಾಗಾಗಿ ನದಿ ದಡ ಕೊರೆಯುತ್ತಾ ಪಾತ್ರ ಬದಲಿಸುತ್ತಲೇ ಇರುತ್ತದೆ. ಅಮೆಜಾನಿನ ಮುಖ್ಯ ಪಾತ್ರವೇ ಊರಿನಿಂದ ದೂರ ಸರಿದು, ಈಗ ಊರಿನ ಮುಂದೆ ಹರಿಯುವುದು ಇಟಾಯಾ ನದಿ. ಆಂಡೀಸ್ ಬೆಟ್ಟಗಳ ಮಳೆನೀರು ಸೇರಿ ಏಪ್ರಿಲ್-ಮೇ ಹೊತ್ತಿಗೆ ನದಿ ತುಂಬುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇಳಿದಿರುತ್ತದೆ. ನಡುವಿನ ವ್ಯತ್ಯಾಸ ಆರೇಳು ಮೀಟರ್, ಕೆಲವು ವರ್ಷ ಇನ್ನೂ ಹೆಚ್ಚು. ಊರಿನ ಬೆಲೆನ್ ಬಡಾವಣೆಯ ತಗ್ಗಿನ ಮನೆಗಳು ಬಾಲ್ಸಾ ಎಂಬ ಹಗುರ ಮರದ ದಿಮ್ಮಿಗಳ ಮೇಲೆ ತೇಲುವುದು, ಉಳಿದವು ಎತ್ತರದ ಕಂಬಗಳ ಮೇಲೆ ನಿಲ್ಲುವುದು ಇದಕ್ಕೇ. ಅವು ಜನ ಬಾಳುವ ಮನೆಗಳು. ಕೇಳದೆ ಒಳಗೆ ಕ್ಯಾಮೆರಾ ತೂರಿಸಬಾರದು.

ಇಕಿಟೋಸ್‌ಗೆ ಸರಕಿನ ಜೊತೆ ಜನರನ್ನೂ ತರುವ ದೊಡ್ಡ ದೋಣಿಗಳಾದ ಲಾಂಚಾಗಳಿಗೆ, ನದಿಯ ಮೇಲ್ಭಾಗದ ಪುಕಾಲ್ಪಾ ಊರಿನಿಂದ ನಾಲ್ಕೈದು ದಿನ, ಯುರಿಮಾಗುವಾಸ್ ಊರಿನಿಂದ ಎರಡು-ಮೂರು ದಿನ ಬೇಕು. ಇದು ನೀರಿದ್ದಾಗಿನ ಲೆಕ್ಕ. ನೀರಿಳಿದಾಗ ಹೋದ ತಿಂಗಳು ಇಲ್ಲದಿದ್ದ ಮರಳುದಿಬ್ಬ ಈ ತಿಂಗಳು ಎದ್ದಿರುತ್ತದೆ. ದೋಣಿ ಅದರ ಮೇಲೆ ಕೂರಬಹುದು, ಕತ್ತಲಾದರೆ ದಡಕ್ಕೆ ಕಟ್ಟಿಹಾಕಬಹುದು. ಸರಕು ತುಂಬುವವರೆಗೆ ದೋಣಿ ಹೊರಡುವುದೂ ಇಲ್ಲ. ಹಲಗೆಯ ಮೇಲೆ ಬರೆದ ದಿನಾಂಕ ಅಳಿಸಿ ಹೊಸದು ಬರೆಯುವುದು ಮಾಮೂಲು. ಮರಳುವ ವಿಮಾನಕ್ಕೆ ಕನಿಷ್ಠ ಮೂರು ದಿನ ಬಿಡುವಿಟ್ಟುಕೊಳ್ಳಿ.

ಮಲಗಲು ಜೋಲಿ ನೀವೇ ಒಯ್ಯಬೇಕು, ಜೊತೆಗೆ ಎರಡೆರಡು ಮೀಟರಿನ ಎರಡು ಗಟ್ಟಿ ಹಗ್ಗ. ಬೇಗ ಹತ್ತಿ, ಎಂಜಿನ್ ಮತ್ತು ಶೌಚಾಲಯದಿಂದ ದೂರ, ದೀಪದ ಕೆಳಗಲ್ಲದ ಜಾಗ ಹಿಡಿಯಿರಿ. ದೀಪಕ್ಕೆ ಹುಳ ಮುತ್ತುತ್ತವೆ. ರಾತ್ರಿ ಗಾಳಿ ತಣ್ಣಗಿರುತ್ತದೆ, ಹೊದಿಕೆ ಬೇಕು. ತಟ್ಟೆ, ಚಮಚ, ದಿನಕ್ಕೆ ಮೂರು ಲೀಟರ್ ಶುದ್ಧ ನೀರು ಮರೆಯಬೇಡಿ. ಸಸ್ಯಾಹಾರಿಗಳಿಗೆ ಅನ್ನ, ಬಾಳೆಕಾಯಿ ಸಿಕ್ಕರೆ ಸಿಕ್ಕಿತು. ಒಂದು ಕಿಲೋ ಅವಲಕ್ಕಿ ಕೈಯಲ್ಲಿರಲಿ.

ಲೇಖನದಲ್ಲಿ ಬಿಟ್ಟುಹೋಗಿರುವ ಇನ್ನೊಂದು ಸಂಗತಿ ಹಳದಿ ಜ್ವರದ ಲಸಿಕೆ. ಪೆರುವಿನಿಂದ ಭಾರತಕ್ಕೆ ಮರಳುವಾಗ ಅದರ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸಕ್ಕೆ ಕಳಿಸಬಹುದು. ಚುಚ್ಚಿಸಿಕೊಂಡು ಹತ್ತು ದಿನವಾದ ಮೇಲಷ್ಟೇ ಪತ್ರ ಮಾನ್ಯ, ಆಮೇಲೆ ಜೀವನಪರ್ಯಂತ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಷ್ಟೇ ಸಿಗುವುದರಿಂದ ತಿಂಗಳ ಮೊದಲೇ ವಿಚಾರಿಸಬೇಕು. ಅರವತ್ತು ದಾಟಿದವರು, ಮೊಟ್ಟೆ ಒಗ್ಗದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಮಲೇರಿಯಾವೂ ಅಲ್ಲಿದೆ, ಅದನ್ನು ಈ ಲಸಿಕೆ ತಡೆಯುವುದಿಲ್ಲ; ಸೊಳ್ಳೆಪರದೆ ಒಯ್ಯಿರಿ.

ಇಂತಿ,
ಓದುಗ, ಶಿರಸಿ