ಇಸಿಜಿ ಸರಿಯಿದ್ದರೆ ಮುಗಿಯಿತೇ?

ಮಾನ್ಯರೇ,

ಎದೆ ಹಿಡಿದುಕೊಂಡು ಬಂದವರಿಗೆ ಇಸಿಜಿ ಮಾಡಿ, ‘ಹೃದಯಕ್ಕೇನೂ ಆಗಿಲ್ಲ, ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಗೆ ಕಳುಹಿಸಿದರೆ ಸಾಲದು. ಅದು ಇದ್ದಕ್ಕಿದ್ದಂತೆ ತೀವ್ರ ಭಯ ಆವರಿಸುವ ಪ್ಯಾನಿಕ್ ಎಂಬ ಮಾನಸಿಕ ಕಾಯಿಲೆಯೂ ಆಗಿರಬಹುದು.

ನನ್ನ ತಮ್ಮ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವನು. ಮೂಲ್ಕಿ ಸೇತುವೆ ಬರುವಷ್ಟರಲ್ಲಿ ಅಂಗೈ ಬೆವರಿ, ಬೆರಳು ಜುಮ್ಮೆಂದು, ಸತ್ತೇ ಹೋಗುತ್ತೇನೆಂಬ ಭಯದಲ್ಲಿ ಮುಂದಿನ ಸೀಟಿನ ಕಂಬಿ ಬಿಗಿಹಿಡಿದು ಕೂರುತ್ತಿದ್ದ. ಕೊನೆಗೆ ಬಸ್ಸು ಹತ್ತುವುದನ್ನೇ ಬಿಟ್ಟ. ದೃಷ್ಟಿ ತೆಗೆದದ್ದಾಯಿತು, ಹರಕೆ ಹೊತ್ತದ್ದಾಯಿತು.

ದಾರಿ ತೋರಿಸಿದವರು ಮನೋವೈದ್ಯರು. ಸೆರ್ಟ್ರಾಲಿನ್, ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಗಳ ಗುಣ ಕಾಣಲು ಕೆಲವು ವಾರಗಳು ಬೇಕು. ಆರಂಭದಲ್ಲಿ ಚಡಪಡಿಕೆ ಹೆಚ್ಚಲೂಬಹುದು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಮಾತ್ರೆ ಬಿಟ್ಟುಬಿಡುತ್ತಾನೆ. ತಕ್ಷಣ ಶಮನ ನೀಡುವ ಆಲ್‌ಪ್ರಜೋಲಾಮ್ ಅಭ್ಯಾಸವಾಗಿಬಿಡುವಂಥದ್ದು, ಅದನ್ನು ಸ್ವಂತ ನಿರ್ಧಾರದಿಂದ ನುಂಗಲೇಬಾರದು.

ತಮ್ಮನನ್ನು ಮತ್ತೆ ಬಸ್ಸು ಹತ್ತಿಸಿದ್ದು ಮಾತ್ರೆಯ ಜೊತೆಗಿನ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಮೆಟ್ಟಿಲು ಹತ್ತಿಸಿ, ಬೇಕೆಂದೇ ಜೋರಾಗಿ ಉಸಿರಾಡಿಸಿ, ಏರಿದ ಎದೆಬಡಿತ ತಾನಾಗಿಯೇ ಇಳಿಯುವುದನ್ನು ಅವನಿಗೆ ತೋರಿಸಿಕೊಟ್ಟರು. ಆಮೇಲೆ ಕಾಪುವರೆಗೆ, ನಂತರ ಪಡುಬಿದ್ರಿವರೆಗೆ ಪ್ರಯಾಣ. ಸೇತುವೆ ದಾಟಿದ ದಿನ ಅಮ್ಮನಿಗೆ ಫೋನ್ ಮಾಡಿದ್ದ.

ಈ ಚಿಕಿತ್ಸೆ ಬಲ್ಲ ಮನಃಶಾಸ್ತ್ರಜ್ಞರು ತಾಲ್ಲೂಕು ಆಸ್ಪತ್ರೆಗಳಲ್ಲೂ ನಿಯಮಿತವಾಗಿ ಸಿಗುವಂತಾಗಬೇಕು. ಕನ್ನಡದಲ್ಲೇ ಮಾತನಾಡಬಹುದಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲುರಾತ್ರಿ ಲಭ್ಯವಿದೆ. ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಆ ಸಂಖ್ಯೆಯನ್ನು ತುರ್ತು ಚಿಕಿತ್ಸಾ ಘಟಕದ ಬಿಡುಗಡೆ ಚೀಟಿಯ ಮೇಲೆ ಮುದ್ರಿಸಲಿ.

– ಓರ್ವ ಅಕ್ಕ, ಉಡುಪಿ